ಮೇಷ್ಟ್ರ ಮನೆಯ ಲೆಕ್ಕ

ನಮ್ಮ ಮನೆಯ ಬೆಳಗು ಹಿಂದಿನ ದಿನದ ಸಂಜೆಯೇ ಶುರುವಾಗುತ್ತಿತ್ತು. ದೀಪ ಹಚ್ಚಿದ ಮೇಲೆ ಅವ್ವ ಹುರುಳಿಕಾಳು ನೆನೆ ಹಾಕುತ್ತಿದ್ದಳು, ಹಂಡೆಗೆ ನೀರು ತುಂಬಿಸಿ ಅದರ ಒಲೆಗೆ ತೆಂಗಿನ ಸೋಗೆ ಒಟ್ಟುತ್ತಿದ್ದಳು, ಒಗೆದ ಲಂಗ, ಚಡ್ಡಿ, ಅಂಗಿಗಳನ್ನು ಗೋಡೆಯ ಗೂಟಗಳಿಗೆ ವಯಸ್ಸಿನ ಪ್ರಕಾರ ಸಾಲಾಗಿ ನೇತು ಹಾಕುತ್ತಿದ್ದಳು. ಗೂಟಗಳು ನಮ್ಮ ಕೈಗೆ ಎಟುಕುವ ಎತ್ತರದಲ್ಲಿದ್ದವು. ಚಿಕ್ಕವನದು ನೆಲದಿಂದ ಎರಡು ಅಡಿಯೂ ಇರಲಿಲ್ಲ. ಬೆಳಗ್ಗೆ "ಅವ್ವಾ, ನನ್ನ ಅಂಗಿ ಎಲ್ಲಿ" ಎಂದು ಕೂಗುವ ಬಾಯಿ ಒಂದು ಕಡಿಮೆಯಾದರೂ ಅವಳಿಗೆ ಎರಡು ಮುದ್ದೆ ಕಟ್ಟುವಷ್ಟು ಹೊತ್ತು ಉಳಿಯುತ್ತಿತ್ತು. ಈ ಉಪಾಯವನ್ನು ಅವಳು ಯಾರಿಗೂ ವಿವರಿಸಿದವಳಲ್ಲ. ಬಡಗಿಯನ್ನು ಕರೆಸಿ ಗೂಟ ಹೊಡೆಸಿದಳು, ಅಷ್ಟೆ.

ನಾವು ಆರು ಮಕ್ಕಳು. ಹಿರಿಯವಳು ನಾನು, ನನ್ನ ಬೆನ್ನಿಗೆ ಇಬ್ಬರು ತಮ್ಮಂದಿರು, ಆಮೇಲೊಬ್ಬಳು ತಂಗಿ, ಮತ್ತೊಬ್ಬ ತಮ್ಮ, ಕೊನೆಗೆ ತೊಟ್ಟಿಲಿನಲ್ಲಿದ್ದ ಕೂಸು. ಅಪ್ಪ ಕುಣಿಗಲ್ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯ ಏಕೋಪಾಧ್ಯಾಯ ಶಾಲೆಯ ಮೇಷ್ಟ್ರು. ಹೇಳುತ್ತಿರುವುದು 1980ರ ಆಸುಪಾಸಿನ ಮಾತು. ಅಜ್ಜಿ ಸೇರಿ ಒಂಬತ್ತು ಜನ, ಎರಡು ಅಂಕಣದ ಮನೆ, ಒಂದು ಎಮ್ಮೆ, ಒಂದು ಸಂಬಳ.

ಪ್ರತಿ ವರ್ಷ ಮೇ ತಿಂಗಳ ಎರಡನೆಯ ಭಾನುವಾರ, ತಾಯಂದಿರ ದಿನದಂದು, ನನ್ನ ಮೊಬೈಲಿಗೆ ತಾಯಂದಿರ ಚಿತ್ರಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ತ್ಯಾಗಮೂರ್ತಿ, ಕರುಣಾಮಯಿ, ಕ್ಷಮಯಾ ಧರಿತ್ರಿ. ನನಗೆ ಸಿಟ್ಟು ಬರುತ್ತದೆ. ನಮ್ಮವ್ವ ಇದ್ಯಾವುದೂ ಆಗಿರಲಿಲ್ಲ. ಚುರುಕು ಬುದ್ಧಿಯ, ಮುಂಗೋಪದ, ಬಾಯಿಲೆಕ್ಕದಲ್ಲಿ ಅಪ್ಪನನ್ನೇ ಸೋಲಿಸುವ ಹೆಂಗಸು ಅವಳು. ಅವಳು ಮಾಡಿದ್ದಕ್ಕೆಲ್ಲ ತ್ಯಾಗ ಎಂದು ಹೆಸರಿಟ್ಟುಬಿಟ್ಟರೆ ಅದರ ಹಿಂದಿದ್ದ ಬುದ್ಧಿಯನ್ನು ಯಾರೂ ನೋಡಬೇಕಾಗಿಲ್ಲ. ಆ ಕೆಲಸದಲ್ಲಿ ಪಾಲು ತೆಗೆದುಕೊಳ್ಳಬೇಕಾಗಿಯೂ ಇಲ್ಲ. ಕೈಮುಗಿದು ಎದ್ದು ಹೋಗಬಹುದು.

ರಾಗಿ ಸರಿಯ ವಿಷಯವನ್ನೇ ನೋಡಿ. ಕೂಸಿಗೆ ಆರು ತಿಂಗಳು ತುಂಬುವ ಮೊದಲೇ ಅವ್ವ ಒಳ್ಳೆಯ ರಾಗಿ ತೆಗೆದಿಟ್ಟು, ಕಲ್ಲುಮಣ್ಣು ಹೋಗುವವರೆಗೆ ತೊಳೆದು, ರಾತ್ರಿಯೆಲ್ಲ ನೆನೆಸಿ, ಹಳೆಯ ಪಂಚೆಯ ತುಂಡಿನಲ್ಲಿ ಬಿಗಿಯಾಗಿ ಗಂಟು ಕಟ್ಟಿ ಮೊಳಕೆ ಬರಿಸುತ್ತಿದ್ದಳು. ಅದನ್ನು ನೆರಳಿನಲ್ಲಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಬೀಸುವ ಕಲ್ಲಿನಲ್ಲಿ ಬೀಸಿ, ತೆಳುವಾದ ಬಟ್ಟೆಯಲ್ಲಿ ಸೋಸಿದರೆ ಹೊಟ್ಟು ಮೇಲೆ ಉಳಿದು ಬೆರಳಿಗೆ ತಾಗಿದ್ದೇ ತಿಳಿಯದಷ್ಟು ನಯವಾದ ಹಿಟ್ಟು ಕೆಳಗೆ ಇಳಿಯುತ್ತಿತ್ತು. ಹೊಟ್ಟು ಎಮ್ಮೆಯ ಬಾನಿಗೆ. ರಾಗಿಯಲ್ಲಿ 100 ಗ್ರಾಮಿಗೆ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ, ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಭಾಗವೂ ಇಲ್ಲ ಎಂಬುದನ್ನು ನಾನು ಕಾಲೇಜಿನಲ್ಲಿ ಓದಿದೆ. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ, ಹಾಗಾಗಿ ಅದರ ಗಂಜಿ ಬೇಗ ಗಟ್ಟಿಯಾಗುವುದಿಲ್ಲ, ಕೂಸಿನ ಪುಟ್ಟ ಹೊಟ್ಟೆಗೆ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಸೇರುತ್ತದೆ ಎಂಬುದನ್ನೂ ಅಲ್ಲೇ ಓದಿದೆ. ಊರಿಗೆ ಬಂದು ದೊಡ್ಡದಾಗಿ ಹೇಳಿದಾಗ ಅವ್ವ, "ಮೊಳಕೆ ಕಟ್ಟದ ಹಿಟ್ಟಿನಲ್ಲಿ ಕುದಿಸಿದರೆ ಎರಡು ಚಮಚಕ್ಕೇ ಮಗು ಮುಖ ತಿರುಗಿಸುತ್ತದೆ, ಇದರಲ್ಲಾದರೆ ಬಟ್ಟಲು ಖಾಲಿ. ಇದಕ್ಕೆ ಕಾಲೇಜಿಗೆ ಹೋದೆಯಾ?" ಎಂದಳು.

ದೊಡ್ಡವರ ಅಡುಗೆ ಬೇರೆಯೇ ಕಸರತ್ತು. ಒಂಬತ್ತು ಜನರಿಗೆ ಹಿಟ್ಟು ತೊಳಸುವುದು ಎಂದರೆ ಅಡುಗೆಯಲ್ಲ, ಕೂಲಿ ಕೆಲಸ. ಪಾತ್ರೆ ಅಲುಗದಂತೆ ಕವೆಗೋಲು ಒತ್ತಿ ಹಿಡಿದು, ಎರಡೂ ಕೈಯಲ್ಲಿ ಹಿಟ್ಟಿನ ಕೋಲು ತಿರುವಬೇಕು. ಗಂಟು ಉಳಿಯಬಾರದು, ತಳ ಹಿಡಿಯಬಾರದು, ಬೆನ್ನಿನ ಮೇಲೆ ಹತ್ತಿ ಕುಳಿತಿರುವ ನಾಲ್ಕು ವರ್ಷದವನು ಒಲೆಯ ಕಡೆ ಜಾರಬಾರದು. ಮುದ್ದೆ ಕಟ್ಟುವಾಗ ಅವಳ ಕೈಗೆ ಪ್ರತಿಯೊಬ್ಬರ ಅಳತೆ ಗೊತ್ತಿತ್ತು. ಹುರುಳಿಕಾಳಿನ ಬಸ್ಸಾರಿದ್ದ ದಿನ ಎಲ್ಲರಿಗೂ ಸ್ವಲ್ಪ ದೊಡ್ಡದು, ಉಪ್ಪುಸಾರಿನ ದಿನ ಸ್ವಲ್ಪ ಚಿಕ್ಕದು. ಹಿಟ್ಟು ಮಿಗಬಾರದು, ಸಾಲದೆಯೂ ಬರಬಾರದು.

ಜಗಳ ಬರುತ್ತಿದ್ದದ್ದು ಅಪರೂಪದ ತಿಂಡಿಗಳಿಗೆ. ಬೇಯಿಸಿದ ಮೊಟ್ಟೆಯನ್ನು ಅವ್ವ ಚಾಕುವಿನಿಂದ ಕೊಯ್ಯುತ್ತಿರಲಿಲ್ಲ. ಹೊಲಿಗೆ ದಾರವನ್ನು ಸುತ್ತಿ ಎಳೆಯುತ್ತಿದ್ದಳು, ಒಳಗಿನ ಹಳದಿ ಭಂಡಾರ ಪುಡಿಯಾಗದೆ ಎರಡು ಹೋಳು ಸಮನಾಗಿ ಬೀಳುತ್ತಿದ್ದವು. ಮಾವಿನಹಣ್ಣಿಗೆ ಇನ್ನೊಂದು ಕಾನೂನು: ಯಾರು ಹೋಳು ಮಾಡುತ್ತಾರೋ ಅವರು ಕೊನೆಗೆ ತೆಗೆದುಕೊಳ್ಳಬೇಕು. ಆ ಒಂದು ಮಾತಿನಿಂದ ನನ್ನ ದೊಡ್ಡ ತಮ್ಮ ನಮ್ಮೂರಿನಲ್ಲೇ ಅತ್ಯಂತ ನ್ಯಾಯವಾಗಿ ಹಣ್ಣು ಕೊಯ್ಯುವ ಹುಡುಗನಾದ. ತಾನು ಪಕ್ಕದಲ್ಲಿಲ್ಲದಾಗಲೂ ನ್ಯಾಯ ನಡೆಯುವ ಹಾಗೆ ಅವಳು ಕಾನೂನು ಮಾಡುತ್ತಿದ್ದಳು, ಏಕೆಂದರೆ ಅವಳು ಪಕ್ಕದಲ್ಲಿರುವುದು ಸಾಧ್ಯವೇ ಇರಲಿಲ್ಲ.

ಅವಳಿಗಾಗಿ ಏನು ಉಳಿಯುತ್ತಿತ್ತು? ತಾಯಂದಿರ ಚಿತ್ರಗಳ ಪ್ರಕಾರ ಏನೂ ಉಳಿಯಬಾರದು. ನಾನು ಕಂಡದ್ದು ಬೇರೆ. ಅಕ್ಕಿಯ ಡಬ್ಬದ ಒಳಗೆ, ಅಕ್ಕಿಯಲ್ಲಿ ಹೂತು, ಒಂದು ಸಣ್ಣ ಗಂಟು ಇರುತ್ತಿತ್ತು. ಕೊಬ್ಬರಿ ಚೂರು, ಅಚ್ಚು ಬೆಲ್ಲ, ಕೆಲವೊಮ್ಮೆ ಹುರಿಗಡಲೆ. ಮಧ್ಯಾಹ್ನ ಕೂಸು ಜೋಲಿಯಲ್ಲಿ ಮಲಗಿ, ದೊಡ್ಡವರು ಶಾಲೆಯಲ್ಲಿ, ಅಜ್ಜಿ ಜಗುಲಿಯಲ್ಲಿ ತೂಕಡಿಸುವಾಗ ಅವ್ವ ಅಡುಗೆಮನೆಯ ಬಾಗಿಲನ್ನು ಮುಕ್ಕಾಲು ಮುಚ್ಚಿ ಕುಳಿತು ಅದನ್ನು ನಿಧಾನವಾಗಿ ಅಗಿದು ತಿನ್ನುತ್ತಿದ್ದಳು. ಜ್ವರ ಬಂದು ಮನೆಯಲ್ಲಿ ಮಲಗಿದ್ದ ಒಂದು ದಿನ ನನಗೆ ಇದು ಗೊತ್ತಾಯಿತು. ಕೇಳಿದ್ದಕ್ಕೆ ಒಂದು ಚೂರನ್ನೂ ಕೊಡಲಿಲ್ಲ, "ಹೇಳಿದರೆ ನೋಡು" ಎಂದಳು. ಹೇಳಲಿಲ್ಲ. ಆ ಗಂಟು ಇದ್ದದ್ದು ನೆನೆದರೆ ನನಗೆ ಇವತ್ತಿಗೂ ಸಮಾಧಾನ.

ಹಣದ ಲೆಕ್ಕ ಅಪ್ಪನ ಕೈಯಲ್ಲಿದೆ ಎಂದು ಊರು ನಂಬಿತ್ತು. ಅಪ್ಪನೂ ನಂಬಿದ್ದರು. ಸಂಬಳ ತಡವಾದ ತಿಂಗಳು ಮನೆ ನಡೆಯುತ್ತಿದ್ದದ್ದು ಶೆಟ್ಟರ ಅಂಗಡಿಯ ಉದ್ದರಿಯಲ್ಲಿ. ಅಲ್ಲಿನ ಕೆಂಪು ಹೊದಿಕೆಯ ಪುಸ್ತಕದಲ್ಲಿ "ಮೇಷ್ಟ್ರ ಮನೆ" ಎಂದು ಒಂದು ಪುಟ. ಅವ್ವ ಓದಿದ್ದು ನಾಲ್ಕನೆಯ ತರಗತಿ. ಒಲೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದಳು. ಉದ್ದ ಗೆರೆ ಎಣ್ಣೆ, ಗಿಡ್ಡ ಗೆರೆ ಬೇಳೆ, ಸೊನ್ನೆ ಬೆಲ್ಲ. ತಿಂಗಳ ಕೊನೆಗೆ ಅಪ್ಪ ಬಾಕಿ ತೀರಿಸಿ ಬಂದಾಗ ಮೊತ್ತ ಕೇಳಿ, ಗೋಡೆ ನೋಡಿ, "ಒಂದು ಸೇರು ಬೇಳೆ ಹೆಚ್ಚು ಹಿಡಿದಿದ್ದಾರೆ, ಹೋಗಿ ಕೇಳಿ" ಎನ್ನುವಳು. ಅಪ್ಪನಿಗೆ ಹೋಗಲು ನಾಚಿಕೆ. ಆಗ ನನ್ನನ್ನು ಕಳಿಸುವಳು. ಶೆಟ್ಟರು ಪುಟ ತಿರುವಿ, ಕನ್ನಡಕ ಏರಿಸಿ, ಮಾತಾಡದೆ ತಿದ್ದುತ್ತಿದ್ದರು. ಯುಗಾದಿಗೆ ಗೋಡೆಗೆ ಸುಣ್ಣ ಬಳಿಯುವಾಗ ಆ ವರ್ಷದ ಲೆಕ್ಕವೆಲ್ಲ ಅಳಿಸಿಹೋಗುತ್ತಿತ್ತು.

ಒಂದು ವರ್ಷ ದಡಾರ ಬಂತು. ಮೊದಲು ಶಾಲೆಗೆ ಹೋಗುವ ನಡುವಿನ ತಮ್ಮನಿಗೆ. ದಡಾರದ ಲಸಿಕೆ ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಹಳ್ಳಿಗಳ ಕಡೆಗೆ ಹೊರಟದ್ದು 1985ರಿಂದೀಚೆಗೆ. ನಮ್ಮ ಪಾಲಿಗೆ ಇದ್ದದ್ದು ಬೇವಿನ ಸೊಪ್ಪು ಮತ್ತು ಅವ್ವನ ಲೆಕ್ಕ. ಒಬ್ಬರಿಗೆ ಇಳಿಯುವ ಹೊತ್ತಿಗೆ ಇನ್ನೊಬ್ಬರಿಗೆ ಏರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಸೋಂಕು ತಗುಲಿ ಹತ್ತು ಹನ್ನೆರಡು ದಿನಕ್ಕೆ ಜ್ವರ ಕಾಣಿಸುವ ಕಾಯಿಲೆ ಅದು. ಆರು ಜನ ಒಬ್ಬರಾದ ಮೇಲೊಬ್ಬರು ಮಲಗಿದರೆ ಮಳೆಗಾಲವೆಲ್ಲ ಅದರಲ್ಲೇ ಮುಗಿಯುತ್ತದೆ. ಹಾಗಾಗಿ ಎಲ್ಲರನ್ನೂ ಪಡಸಾಲೆಯಲ್ಲಿ ಒಂದೇ ಸಾಲಿಗೆ ಮಲಗಿಸಿದಳು, ಬಂದರೆ ಒಟ್ಟಿಗೇ ಬಂದು ಹೋಗಲಿ ಎಂದು. ಹಾಲು ಕುಡಿಯುವ ಕೂಸನ್ನು ಮಾತ್ರ ಅಜ್ಜಿಯ ಜೊತೆ ತವರುಮನೆಗೆ ಸಾಗಿಸಿದಳು. ಆ ದಿನಗಳಲ್ಲಿ ಅವಳ ಎದೆಹಾಲು ಕಟ್ಟಿಕೊಂಡು ಜ್ವರ ಬಂದದ್ದು, ಆ ಜ್ವರದಲ್ಲೇ ನಮಗೆ ಗಂಜಿ ಕಾಯಿಸಿದ್ದು ನನಗೆ ತಿಳಿದದ್ದು ನಾನೇ ತಾಯಿಯಾದ ಮೇಲೆ. ಈಗಿನ ವೈದ್ಯರು ಈ ಉಪಾಯಕ್ಕೆ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಆದರೆ ಅದು ಅಜ್ಞಾನವಲ್ಲ. ಮಲಗಿದ್ದವರನ್ನು ನೋಡಿಕೊಳ್ಳಲು ಒಬ್ಬಳೇ ಇದ್ದಾಗ ಇದ್ದ ಒಂದೇ ದಾರಿ.

ಸೌದೆಯ ಕಥೆ ನಮ್ಮ ತಾಲ್ಲೂಕಿನ ಮಟ್ಟಿಗೆ ಸ್ವಲ್ಪ ವಿಶೇಷ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದು 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಅದರ ಹಳ್ಳಿ ಕೇಂದ್ರವಿದ್ದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಅವರು ಸುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ, ಯಾವ ಕೆಲಸಕ್ಕೆ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎಷ್ಟು ಮೈಶ್ರಮ ಎಂದು ಅಳೆದರು. ಹಳ್ಳಿಯಲ್ಲಿ ಉರಿಯುವುದರಲ್ಲಿ ಬಹುಪಾಲು ಅಡುಗೆಯ ಸೌದೆ, ಅದನ್ನು ಹೊತ್ತು ತರುವ ಕಾಲುಗಳಲ್ಲಿ ಬಹುಪಾಲು ಹೆಂಗಸರದು ಮತ್ತು ಮಕ್ಕಳದು ಎಂದು ಗೊತ್ತಾಯಿತು. ವಿಜ್ಞಾನಿಗಳು ಹೆಂಗಸರ ಕೆಲಸವನ್ನು ತಕ್ಕಡಿಗೆ ಹಾಕಿದ್ದನ್ನು ನಾನು ಅಷ್ಟು ಹತ್ತಿರದಲ್ಲಿ ಕೇಳಿದ್ದು ಅದೇ ಮೊದಲು.

ಆ ಕೇಂದ್ರದಿಂದಲೇ ಹುಟ್ಟಿದ 'ಅಸ್ತ್ರ ಒಲೆ' ಕೆಲವು ವರ್ಷಗಳ ನಂತರ ನಮ್ಮ ಮನೆಗೂ ಬಂತು. ಒಂದೇ ಉರಿಯಲ್ಲಿ ಮೂರು ಪಾತ್ರೆ, ಹೊಗೆ ಕೊಳವೆಯಲ್ಲಿ ಹೊರಗೆ. ಅವ್ವನ ಕಣ್ಣು ಕೆಂಪಾಗುವುದು ನಿಂತಿತು, ಇದ್ದಿಲಿನ ಗೆರೆ ಎಳೆಯಲು ಗೋಡೆ ಬೆಳ್ಳಗೆ ಸಿಕ್ಕಿತು. ಒಂದೇ ತಕರಾರು ಎಂದರೆ ಅದರ ಬಾಯಿ ಚಿಕ್ಕದು, ಸೌದೆಯನ್ನು ಸಣ್ಣಗೆ ಸೀಳಬೇಕು. "ನನ್ನಿಂದಾಗುವುದಿಲ್ಲ, ನೀವೇ ಸೀಳಿಕೊಡಿ" ಎಂದು ಅವ್ವ ಕೊಡಲಿಯನ್ನು ಅಪ್ಪನ ಮುಂದೆ ಇಟ್ಟಳು. ಪ್ರತಿ ಭಾನುವಾರ ಮೇಷ್ಟ್ರು ಹಿತ್ತಲಿನಲ್ಲಿ ಬನಿಯನ್ನು ಹಾಕಿಕೊಂಡು ಸೌದೆ ಸೀಳುವುದು ಊರಿಗೆ ನೋಡುವ ಸಂಗತಿಯಾಯಿತು. ಅಡುಗೆಮನೆಗೆ ಸಂಬಂಧಿಸಿದ ಕೆಲಸವೊಂದನ್ನು ಅಪ್ಪ ಮಾಡಿದ್ದು ಅದೇ ಮೊದಲು ಎಂದು ನನ್ನ ನೆನಪು. ಆ ಒಲೆಯ ಈ ಉಪಯೋಗವನ್ನು ವಿಜ್ಞಾನಿಗಳು ಯಾವ ವರದಿಯಲ್ಲೂ ಬರೆದಿರಲಾರರು.

ಇನ್ನು ನಾನು. ದೊಡ್ಡ ಸಂಸಾರದ ಹಿರಿಯ ಮಗಳಿಗೆ ಬಾಲ್ಯ ಎಂಬುದು ಕಂತಿನಲ್ಲಿ ಸಿಗುತ್ತದೆ. ಏಳು ವರ್ಷಕ್ಕೆ ನನ್ನ ಕಂಕುಳಲ್ಲಿ ತಂಗಿ, ಒಂಬತ್ತಕ್ಕೆ ತಮ್ಮ, ಹನ್ನೊಂದಕ್ಕೆ ಕೂಸು. ಶಾಲೆಗೆ ಹೋಗುವಾಗ ಮೂರು ವರ್ಷದವನು ನನ್ನ ಜೊತೆಗೇ ಬಂದು ಹಿಂದಿನ ಸಾಲಿನಲ್ಲಿ ಕುಳಿತು ನನ್ನ ಬಳಪ ತಿನ್ನುತ್ತಿದ್ದ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದು ಬಂದದ್ದು ತಿ. ನರಸೀಪುರಕ್ಕೆ. ನಮ್ಮೂರಿಗೆ ಬರುವ ಹೊತ್ತಿಗೆ ನಮ್ಮ ಕೂಸು ಕೂಡ ದೊಡ್ಡ ಶಾಲೆ ಸೇರಿಯಾಗಿತ್ತು. ಅಲ್ಲಿಯವರೆಗೆ ನಮ್ಮ ಮನೆಯ ಅಂಗನವಾಡಿ ನಾನೇ. ತಲೆ ಬಾಚಿ, ಸೀರಣಿಗೆಯಲ್ಲಿ ಹೇನು ತೆಗೆದು, ಮೂಗು ಒರೆಸಿ, ಮಗ್ಗಿ ಹೇಳಿಸಿ. ಅವ್ವ ನನ್ನನ್ನು ಕೂಗುವಾಗ ಬಹಳ ಸಲ ಹೆಸರು ಹಿಡಿಯುತ್ತಿರಲಿಲ್ಲ, ಕೆಲಸದ ಹೆಸರನ್ನೇ ಕೂಗುತ್ತಿದ್ದಳು. "ನೀರೂ!" ಎಂದರೆ ನಾನು ಬಿಂದಿಗೆ ಹಿಡಿದು ಬೋರಿಂಗಿನ ಕಡೆ ಓಡುತ್ತಿದ್ದೆ.

ಅವಳ ಮೇಲೆ ನನಗೆ ಉಳಿದಿರುವ ಕೊರಗು ಕೆಲಸದ್ದಲ್ಲ. ಅವಳು ನನಗೆ ಒಬ್ಬಳೇ ಸಿಕ್ಕ ಹೊತ್ತು ಬಹಳ ಕಡಿಮೆ ಎಂಬುದು. ಅವಳ ಮಡಿಲಿನಲ್ಲಿ ಯಾವಾಗಲೂ ನನಗಿಂತ ಚಿಕ್ಕವರು ಯಾರೋ ಇರುತ್ತಿದ್ದರು. ಕೈಗೆ ಪೆಟ್ಟಾಗಿ ಕುಣಿಗಲ್ ಆಸ್ಪತ್ರೆಗೆ ಹೋಗಬೇಕಾಗಿ ಬಂದಾಗ ಮಾತ್ರ ಬಸ್ಸಿನಲ್ಲಿ ಅವಳ ಪಕ್ಕದಲ್ಲಿ ನಾನೊಬ್ಬಳೇ. ಮೂಳೆ ಮುರಿದಿತ್ತು, ನೋವಿತ್ತು, ಆದರೂ ನನಗೆ ಆ ದಿನ ಹಬ್ಬದಂತೆ ನೆನಪಿದೆ. ಕುಣಿಗಲ್ ಕೆರೆಯ ಏರಿ ಕಂಡಾಗ ಅವ್ವ ತನ್ನ ಮದುವೆಗೆ ಗಾಡಿಯಲ್ಲಿ ಬಂದ ದಾರಿ ತೋರಿಸಿದಳು. ಹೋಟೆಲಿನಲ್ಲಿ ಒಂದು ಖಾಲಿ ದೋಸೆ ತರಿಸಿ ಇಬ್ಬರೂ ತಿಂದೆವು, ಅರ್ಧ ಅರ್ಧ ಎಂದು ಅಳೆಯಲಿಲ್ಲ. ತನಗೆ ದರ್ಜಿ ಕೆಲಸ ಕಲಿಯುವ ಆಸೆಯಿತ್ತು ಎಂದು ಅವಳು ಹೇಳಿದ್ದು ಆ ಬಸ್ಸಿನಲ್ಲೇ. ನನ್ನ ತಮ್ಮ ತಂಗಿಯರು ಈ ಮಾತನ್ನು ಇವತ್ತಿಗೂ ನಂಬುವುದಿಲ್ಲ, ಅವರಿಗೆ ಆ ಬಸ್ಸು ಸಿಗಲಿಲ್ಲವಲ್ಲ. ಕೊನೆಯವಳಿಗೆ ಸಿಕ್ಕವಳಂತೂ ಬೇರೆಯೇ ಅವ್ವ. ಕಥೆ ಹೇಳುವ, ಜೊತೆಯಲ್ಲಿ ಮಲಗುವ, ಸೌಟು ಎತ್ತದ ಅವ್ವ. ನಾವಿಬ್ಬರೂ ಅವ್ವನ ಬಗ್ಗೆ ಮಾತಾಡಿದರೆ ಕೇಳಿದವರಿಗೆ ಎರಡು ಮನೆಯವರ ಮಾತು ಎನ್ನಿಸುತ್ತದೆ.

ಅವ್ವನ ರಜೆ ಎಂದರೆ ಕೆರೆ. ಬಟ್ಟೆಯ ಗಂಟು ಹೊತ್ತು ಹೋದರೆ ಎರಡು ಗಂಟೆ ಯಾರೂ ಅವಳನ್ನು ಕೂಗುವಂತಿರಲಿಲ್ಲ. ಅಲ್ಲಿ ಅವಳ ಓರಗೆಯ ಹೆಂಗಸರು, ಅತ್ತೆಯರ ಸುದ್ದಿ, ಜೋರು ನಗು. ಮುಂದೆ ಬೀದಿಗೆ ನಲ್ಲಿ ಬಂದಾಗ ಊರೆಲ್ಲ ತೆಂಗಿನಕಾಯಿ ಒಡೆಯಿತು. ಅವ್ವ ಮಾತ್ರ ದೊಡ್ಡ ಬಟ್ಟೆಗಳಿಗೆ ನಲ್ಲಿ ನೀರು ಸಾಲದು ಎಂದು ನೆಪ ಹೇಳಿ ಇನ್ನೂ ಕೆಲವು ಕಾಲ ಕೆರೆಗೇ ಹೋದಳು.

1981ರ ಫೆಬ್ರವರಿಯಲ್ಲಿ ಜನಗಣತಿ ನಡೆಯಿತು. ನಮ್ಮ ಮನೆಗೆ ಗಣತಿಗೆ ಬಂದವರು ನಮ್ಮ ಅಪ್ಪನೇ. ಶಾಲಾ ಮೇಷ್ಟ್ರುಗಳಿಗೆ ಆ ಕೆಲಸ ಹಚ್ಚುವುದು ಆಗಲೂ ಇತ್ತು. ಊರೆಲ್ಲ ಮುಗಿಸಿ ರಾತ್ರಿ ಲಾಟೀನಿನ ಮುಂದೆ ಕುಳಿತು ಸ್ವಂತ ಮನೆಯ ಚೀಟಿಗಳನ್ನು ತುಂಬಿದರು. ಅವ್ವ ಅಲ್ಲೇ ಕೂಸಿಗೆ ಹಾಲು ಕೊಡುತ್ತಾ, ಇನ್ನೊಂದು ಕೈಯಲ್ಲಿ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಳು. ಕಳೆದ ವರ್ಷ ಯಾವಾಗಲಾದರೂ ಕೆಲಸ ಮಾಡಿದ್ದಾರೆಯೇ ಎಂಬ ಪ್ರಶ್ನೆ ಬಂದಾಗ ಅಪ್ಪ ಅವಳ ಚೀಟಿಯಲ್ಲಿ 'ಇಲ್ಲ' ಎಂದು ಬರೆದರು. ನಿಯಮವೇ ಹಾಗಿತ್ತು. ಮನೆವಾರ್ತೆ ನೋಡಿಕೊಳ್ಳುವವರು ಕೆಲಸ ಮಾಡದವರ ಪಟ್ಟಿಯಲ್ಲಿ, ವಿದ್ಯಾರ್ಥಿ, ಅವಲಂಬಿತ, ನಿವೃತ್ತ, ಭಿಕ್ಷುಕರ ಜೊತೆಯಲ್ಲಿ. ಅವ್ವನಿಗೆ ಅದನ್ನು ಓದಿ ಹೇಳಿದವಳು ನಾನೇ. ಅವಳು ನಕ್ಕಳು. "ಸರಿ, ಹಾಗಾದರೆ ನಾಳೆ ಒಂದು ದಿನ ಸರ್ಕಾರದ ಮಾತು ನಡೆಸಿಕೊಡುತ್ತೇನೆ" ಎಂದಳು. ಬೆಳಗ್ಗೆ ಹತ್ತು ಗಂಟೆಯವರೆಗೂ ಜಗುಲಿಯ ಮೇಲೆ ಕುಳಿತೇ ಇದ್ದಳು. ಎಮ್ಮೆ ಕೂಗಿತು, ಕೂಸು ಕೂಗಿತು, ಅಜ್ಜಿ ಕೂಗಿದರು. ಅಪ್ಪ ಕಾಫಿ ಇಲ್ಲದೆ ಶಾಲೆಗೆ ಹೋದರು. ಎಮ್ಮೆಯ ಕೆಚ್ಚಲು ಬಿಗಿದದ್ದನ್ನು ನೋಡಲಾಗದೆ ಎದ್ದಳೇ ಹೊರತು ನಮ್ಮ ಯಾರ ಮುಖ ನೋಡಿಯೂ ಅಲ್ಲ.

ಆರು ಏಕೆ ಎಂದು ಈಗಿನವರು ಕೇಳುತ್ತಾರೆ. ಅಪ್ಪನ ಶಾಲೆಯ ಹೊರಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಪಕ್ಕದಲ್ಲಿ "ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ" ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರು. ನಾವು ಆರೂ ಜನ ಅಕ್ಷರ ಕೂಡಿಸಿ ಓದಲು ಕಲಿತದ್ದು ಆ ಗೋಡೆಯ ಮೇಲೆಯೇ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆದೇಶ ಮಾಡಿತ್ತು. ಆ ಆದೇಶ ನಮ್ಮೂರಿನ ಹೆಂಗಸರ ಕಿವಿಗೆ ತಲುಪಲು ಅರ್ಧ ಶತಮಾನ ಹಿಡಿಯಿತು. ನಡುವೆ ಅಜ್ಜಿ ಇದ್ದರು. "ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ?" ಎಂದು ಅಜ್ಜಿ ಅಂದಾಗಲೆಲ್ಲ ಅವ್ವ, "ಮೇಯಿಸುವುದಿಲ್ಲ ಅತ್ತೆ, ಹಿಟ್ಟು ಬೀಸುವುದಕ್ಕೂ ಬರುವುದಿಲ್ಲ" ಎನ್ನುತ್ತಿದ್ದಳು. ಆರನೆಯ ಹೆರಿಗೆಯ ನಂತರ ಯಾರನ್ನೂ ಕೇಳದೆ ಆಪರೇಷನ್ ಮಾಡಿಸಿಕೊಂಡು ಬಂದಳು. ಅಪ್ಪನ ಸಹಿಯನ್ನು ಏನೋ ಬೇರೆ ಕಾಗದ ಎಂದು ಹೇಳಿ ಹಾಕಿಸಿಕೊಂಡಿದ್ದಳು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಹೇಳದ ಸಂಗತಿ.

ಈಗ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು ಎನ್ನುತ್ತದೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಮಕ್ಕಳ ಸಂಖ್ಯೆ ಇಳಿಯಿತು, ಕೆಲಸದ ಹಂಚಿಕೆ ಅಷ್ಟಾಗಿ ಅಲುಗಲಿಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆ 299 ನಿಮಿಷ ಕೊಡುತ್ತಿದ್ದರು. ಆ ಕೆಲಸಕ್ಕೆ ಕೈ ಹಾಕುವ ಗಂಡಸರು ಕೊಡುತ್ತಿದ್ದದ್ದು 97. ಕೈಯನ್ನೇ ಹಾಕದವರು ಈ ಸರಾಸರಿಯಲ್ಲಿ ಇಲ್ಲ, ಅವರೇ ಹೆಚ್ಚು. ಅವ್ವನಿಗೆ ಈ ಅಂಕಿ ಓದಿ ಹೇಳಿದೆ. ಅವಳಿಗೆ ಆಶ್ಚರ್ಯವಾದದ್ದು 97ರ ಬಗ್ಗೆ. "ಅಷ್ಟು ಮಾಡುತ್ತಾರಾ?" ಎಂದಳು. ಪಕ್ಕದ ಮನೆಯವಳಿಗೆ ಗೃಹಲಕ್ಷ್ಮಿಯ ಎರಡು ಸಾವಿರ ಬರಲು ಶುರುವಾದಾಗಲೂ ಹೀಗೆಯೇ, "ಆಗ ಇದ್ದಿದ್ದರೆ ಶೆಟ್ಟರ ಬಾಕಿ ಕಳೆದು ಒಂದು ಹೊಲಿಗೆ ಯಂತ್ರ ಬರುತ್ತಿತ್ತು" ಎಂದು ಲೆಕ್ಕ ಹಾಕಿದ್ದಳು.

ಹೋದ ದಸರೆಗೆ ನನ್ನ ಮಗಳು ಬೆಂಗಳೂರಿನಿಂದ ತನ್ನ ಒಂದು ವರ್ಷದ ಮಗುವನ್ನು ಎತ್ತಿಕೊಂಡು ಬಂದಿದ್ದಳು. ನಿದ್ದೆಯಿಲ್ಲದ ಕಣ್ಣು, ಎರಡು ಚೀಲ, ಮಗುವಿನ ಊಟದ ವೇಳಾಪಟ್ಟಿ ಮೊಬೈಲಿನಲ್ಲಿ. ಮಗು ರಾಗಿ ಸರಿಯ ಬಟ್ಟಲನ್ನು ಖಾಲಿ ಮಾಡಿದ್ದನ್ನು ನೋಡಿ ಅವಳಿಗೆ ಅಳುವೇ ಬಂತು. "ಅಜ್ಜಿ, ನನಗೆ ಒಂದನ್ನು ಸುಧಾರಿಸಲು ಆಗುತ್ತಿಲ್ಲ. ನೀನು ಆರು ಮಕ್ಕಳನ್ನು ಒಬ್ಬಳೇ ಹೇಗೆ ಸಾಕಿದೆ?" ಎಂದು ಕೇಳಿದಳು.

"ಒಬ್ಬಳೇ ಎಲ್ಲಿ ಸಾಕಿದೆ? ನಿಮ್ಮಮ್ಮ ಇರಲಿಲ್ಲವೇ" ಎಂದಳು ಅವ್ವ, ಬಟ್ಟಲನ್ನು ನನ್ನ ಕಡೆ ಚಾಚಿ. ತೊಳೆದು ತರಲಿ ಎಂದು.

ಐವತ್ತು ವರ್ಷದಲ್ಲಿ ಇದನ್ನು ಅವಳ ಬಾಯಿಂದ ನಾನು ಕೇಳಿದ್ದು ಮೊದಲ ಸಲ. "ಹಾಗಾದರೆ ನನ್ನ ಕೂಲಿ ಬಾಕಿ ಇದೆಯಲ್ಲ ಅವ್ವ, ಯಾವಾಗ ಕೊಡುತ್ತೀಯ?" ಎಂದೆ.

"ಶೆಟ್ಟರ ಪುಸ್ತಕದಲ್ಲಿ ಬರೆಸಿಕೋ ಹೋಗು" ಎಂದಳು.